ಹೆಸರಿನ ಮುಂದಿನ ಅಕ್ಷರಗಳ ಲೆಕ್ಕ

ಏಪ್ರಿಲ್ ೧೪ ಬಂತೆಂದರೆ ನಮ್ಮ ಶಾಲೆಗಳಲ್ಲಿ, ಹಟ್ಟಿಗಳ ಗೋಡೆಗಳ ಮೇಲೆ, ಸಂಘದ ಬ್ಯಾನರುಗಳಲ್ಲಿ ಒಂದು ಸಾಲು ಎದ್ದು ಕಾಣುತ್ತದೆ. ಡಾ. ಬಿ.ಆರ್. ಅಂಬೇಡ್ಕರ್, ಎಂ.ಎ., ಪಿಎಚ್.ಡಿ., ಎಂ.ಎಸ್ಸಿ., ಡಿ.ಎಸ್ಸಿ., ಬಾರ್-ಅಟ್-ಲಾ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಒಂದೇ ಉಸಿರಿಗೆ ಓದುತ್ತಾರೆ. ನಮಗೆ ಹೆಮ್ಮೆ. ಹೆಮ್ಮೆ ಪಡಬೇಕಾದ್ದೇ. ಊರ ಬಾವಿಗೆ ಕೊಡ ಇಳಿಸೋಕೆ ಬಿಡದ ಜನರ ಕಣ್ಣೆದುರಿಗೆ ಆ ಸಾಲನ್ನು ಬರೆಯೋದೇ ಒಂದು ಉತ್ತರ.

ಆದರೆ ಗೆಳೆಯರೆ, ಆ ಸಾಲನ್ನು ಎದೆಗೆ ಚುಚ್ಚಿದ ಪದಕಗಳ ಹಾಗೆ ಓದಿದರೆ ಅರ್ಧ ಮಾತ್ರ ಓದಿದ ಹಾಗೆ. ಒಂದೊಂದು ಅಕ್ಷರದ ಕೆಳಗೆ ಒಂದೊಂದು ಇಸವಿ ಬರೆದು ನೋಡಿ. ಎಂ.ಎ. ೧೯೧೫. ಎಂ.ಎಸ್ಸಿ. ೧೯೨೧. ಬಾರ್-ಅಟ್-ಲಾ ೧೯೨೨. ಡಿ.ಎಸ್ಸಿ. ೧೯೨೩. ಪಿಎಚ್.ಡಿ. ೧೯೨೭. ಪರದೇಶಕ್ಕೆ ಹೊರಟದ್ದು ೧೯೧೩ರಲ್ಲಿ. ಅಲ್ಲಿಗೆ ಹದಿನಾಲ್ಕು ವರ್ಷ ಆಯಿತು. ಇದರಲ್ಲಿ ಪರದೇಶದ ನೆಲದ ಮೇಲೆ ಕೂತು ಓದಿದ್ದು ಎಲ್ಲ ಸೇರಿ ಏಳು ವರ್ಷಕ್ಕೂ ಸ್ವಲ್ಪ ಕಡಿಮೆ. ಉಳಿದ ಏಳು ವರ್ಷ ಎಲ್ಲಿ ಹೋಯಿತು? ಯಾರು ತಿಂದರು? ಈ ಲೆಕ್ಕ ಕೇಳದೆ ನಾವು ಆ ಸಾಲನ್ನು ಎಷ್ಟು ಸಲ ಬಾಯಿಪಾಠ ಮಾಡಿದರೂ ಅದು ಮಂತ್ರ ಆಗುತ್ತದೆ, ಚರಿತ್ರೆ ಆಗೋದಿಲ್ಲ.

ಮೊದಲಿಂದ ಬರೋಣ. ೧೯೧೩ರಲ್ಲಿ ಅವರಿನ್ನೂ ಬಾಬಾಸಾಹೇಬರಾಗಿರಲಿಲ್ಲ. ಭೀಮರಾವ್ ಅನ್ನೋ ಇಪ್ಪತ್ತೆರಡರ ಯುವಕ. ಸಾತಾರದ ಶಾಲೆಯಲ್ಲಿ ಮಿಕ್ಕ ಹುಡುಗರಿಂದ ದೂರ, ತಾನೇ ಹೊತ್ತು ತಂದ ಗೋಣಿತಟ್ಟಿನ ಮೇಲೆ ಕೂತು ಓದಿದವರು. ಸಂಜೆ ಆ ಗೋಣಿತಟ್ಟನ್ನು ಮನೆಗೇ ಹೊತ್ತುಕೊಂಡು ಹೋಗಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಇಂಥ ಹುಡುಗ ಬರೋಡಾದ ಸಯ್ಯಾಜಿರಾವ್ ಗಾಯಕ್ವಾಡರು ಕೊಟ್ಟ ತಿಂಗಳಿಗೆ ೨೫ ರೂಪಾಯಿಯ ವಿದ್ಯಾರ್ಥಿವೇತನದಿಂದ ಮುಂಬಯಿಯಲ್ಲಿ ೧೯೧೨ರಲ್ಲಿ ಬಿ.ಎ. ಮುಗಿಸಿದರು. ೧೯೧೩ರ ಜನವರಿಯಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಕೆಲಸಕ್ಕೆ ಸೇರಿ ಕೆಲವೇ ದಿನ, ಅಪ್ಪನಿಗೆ ಕಾಯಿಲೆ ಅಂತ ಸುದ್ದಿ ಬಂತು. ಫೆಬ್ರವರಿ ೨ರಂದು ಸುಬೇದಾರ್ ರಾಮ್‌ಜಿ ತೀರಿಕೊಂಡರು. ಮಗನಿಗೆ ಇಂಗ್ಲಿಷ್ ಕಲಿಸಿದವರು, ಪುಸ್ತಕಕ್ಕಾಗಿ ಹೆಣ್ಣುಮಕ್ಕಳ ಒಡವೆಯನ್ನು ಕೈಸಾಲ ಕೇಳಿ ಅಡವಿಟ್ಟವರು. ಅಂಥ ಅಪ್ಪ ಹೋದ ನಾಲ್ಕು ತಿಂಗಳಿಗೆ ಮಗನಿಗೆ ಅಮೆರಿಕದ ಬಾಗಿಲು ತೆರೆಯಿತು.

ಸಯ್ಯಾಜಿರಾಯರು ಸಾಮಾನ್ಯ ಅರಸರಲ್ಲ. ೧೯೦೬ರಲ್ಲೇ ತಮ್ಮ ಸಂಸ್ಥಾನದ ಉದ್ದಕ್ಕೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಗೆ ತಂದವರು. ಅವರು ಕೊಟ್ಟದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಮಟ್ಟಿಗೆ. ಅದಕ್ಕೆ ೧೯೧೩ರ ಜೂನಿನಲ್ಲಿ ಒಂದು ಕರಾರುಪತ್ರ ಆಯಿತು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ದುಡಿಯಬೇಕು. ಇದನ್ನು ಜೀತದ ಪತ್ರ ಅಂದರೆ ಆ ಅರಸರಿಗೆ ಅನ್ಯಾಯ ಮಾಡಿದ ಹಾಗೆ. ಆದರೂ ಪತ್ರ ಪತ್ರವೇ. ಓದುವವನು ಒಬ್ಬ, ಗಡಿಯಾರ ಇನ್ನೊಬ್ಬನ ಕೈಯಲ್ಲಿ. ಸಾಹುಕಾರನ ಮಗ ಇಂಗ್ಲೆಂಡಿಗೆ ಹೋದರೆ ನಾಟಕ ನೋಡಬಹುದು, ಒಂದು ವರ್ಷ ನಪಾಸಾಗಬಹುದು, ಮನಸ್ಸಾದರೆ ತಿರುಗಿ ಬರಬಹುದು. ಕೇರಿಯಿಂದ ಹೋದವನಿಗೆ ಆ ಸವಲತ್ತು ಇಲ್ಲ. ಅವನ ಒಂದೊಂದು ದಿನವೂ ಕಡ ತಂದದ್ದು.

೧೯೧೩ರ ಜುಲೈನಲ್ಲಿ ಭೀಮರಾಯರು ನ್ಯೂಯಾರ್ಕ್ ಮುಟ್ಟಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಅನ್ನೋ ಹಾಸ್ಟೆಲಿನಲ್ಲಿ ಇಳಿದರು. ಅಲ್ಲಿಯ ಊಟ ಹಿಡಿಸದೆ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಆಮೇಲೆ ಲಿವಿಂಗ್‌ಸ್ಟನ್ ಹಾಲಿನಲ್ಲಿ ನವಲ್ ಭಥೇನಾ ಅನ್ನೋ ಪಾರ್ಸಿ ಗೆಳೆಯನ ಜೊತೆ ಕೋಣೆ ಮಾಡಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಪಕ್ಕದ ಮಂಚದಲ್ಲಿ ಮಲಗಿದವನು ‘ನೀನು ಯಾವ ಜನ’ ಅಂತ ಕೇಳಲಿಲ್ಲ. ಒಂದೇ ಮೇಜಿನ ಮೇಲೆ ಊಟ, ಒಂದೇ ಹೂಜಿಯ ನೀರು, ಒಂದೇ ಬೆಂಚಿನ ಮೇಲೆ ಪಾಠ. ಯುರೋಪು ಅಮೆರಿಕಗಳಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಅನ್ನೋ ಅರಿವನ್ನೇ ತಲೆಯಿಂದ ಅಳಿಸಿಹಾಕಿದ್ದವು ಎಂದು ಅವರು ಮುಂದೆ ‘ವೇಯ್ಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಪ್ಪತ್ತೆರಡು ವರ್ಷ ಮೈಗೆ ಅಂಟಿದ್ದು ಅಲ್ಲಿ ತಾನಾಗಿ ಕಳಚಿ ಬಿತ್ತು. ಕಳಚುವಂಥದ್ದಾದರೆ ಅದು ಹುಟ್ಟಿನದಲ್ಲ, ತೊಡಿಸಿದ್ದು. ಪುಸ್ತಕ ತೆರೆಯುವ ಮುಂಚೆಯೇ ನ್ಯೂಯಾರ್ಕ್ ಕಲಿಸಿದ ಪಾಠ ಇದು.

ಹಾಗಂತ ಅಮೆರಿಕವನ್ನು ಸ್ವರ್ಗ ಮಾಡಿ ಕೂರಿಸಬಾರದು. ಕೊಲಂಬಿಯಾದ ಮಗ್ಗುಲಿಗೇ ಹಾರ್ಲೆಮ್ ಇದೆ. ಅದೇ ವರ್ಷಗಳಲ್ಲಿ ಕರಿಯ ಜನ ಅಲ್ಲಿ ಬಂದು ನೆಲೆ ನಿಲ್ಲುತ್ತಿದ್ದರು. ಅದೇ ೧೯೧೩ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ನರ ಸರ್ಕಾರ ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಕರಿಯ ನೌಕರರನ್ನು ಬಿಳಿಯರಿಂದ ಬೇರೆ ಕೂರಿಸತೊಡಗಿತು. ಬೇರೆ ಮೇಜು, ಬೇರೆ ಊಟದ ಜಾಗ, ಬೇರೆ ಪಾಯಖಾನೆ. ನಮಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಹಾರನ ಮಗನಿಗೆ ಮೇಜಿನಲ್ಲಿ ಜಾಗ ಕೊಟ್ಟ ದೇಶ ತನ್ನ ಹೊಲದಲ್ಲೇ ದುಡಿದ ಗುಲಾಮರ ಮಕ್ಕಳಿಗೆ ಜಾಗ ಕೊಟ್ಟಿರಲಿಲ್ಲ. ಬಾಬಾಸಾಹೇಬರು ಇದನ್ನು ಮರೆಯಲಿಲ್ಲ. ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ತೂಗಿ ನೋಡಿ ಮುಂದೆ ವಿವರವಾಗಿ ಬರೆದರು. ೧೯೪೬ರಲ್ಲಿ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ಕರಿಯರ ಸಮಸ್ಯೆಯನ್ನು ತಾನು ಓದುತ್ತಾ ಬಂದಿದ್ದೇನೆ, ಎರಡೂ ಜನರ ಪಾಡು ಬಹಳ ಮಟ್ಟಿಗೆ ಒಂದೇ ಎಂದು ತಿಳಿಸಿದರು. ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಡುಬಾಯ್ಸ್ ಉತ್ತರ ಬರೆದರು. ೧೯೭೦ರ ದಶಕದಲ್ಲಿ ಮಹಾರಾಷ್ಟ್ರದ ಹುಡುಗರು ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದಕ್ಕೂ ಮುಂಚಿನ ನಂಟು ಇದು.

ಈಗ ಓದಿನ ಮಾತು. ಮೂರು ವರ್ಷದಲ್ಲಿ ಅವರು ಹೆಸರು ಬರೆಸಿಕೊಂಡ ಪಾಠಗಳ ಪಟ್ಟಿ ಕೊಲಂಬಿಯಾದ ದಾಖಲೆಯಲ್ಲಿದೆ. ಅರ್ಥಶಾಸ್ತ್ರದಲ್ಲಿ ೨೯, ಚರಿತ್ರೆಯಲ್ಲಿ ೧೧, ಸಮಾಜಶಾಸ್ತ್ರದಲ್ಲಿ ೬, ತತ್ವಶಾಸ್ತ್ರದಲ್ಲಿ ೫, ಮಾನವಶಾಸ್ತ್ರದಲ್ಲಿ ೪, ರಾಜ್ಯಶಾಸ್ತ್ರದಲ್ಲಿ ೩, ಫ್ರೆಂಚ್ ಒಂದು, ಜರ್ಮನ್ ಒಂದು. ಒಟ್ಟು ೬೦. ಒಂದು ಪದವಿಗೆ ಇಷ್ಟು ಯಾಕೆ ಬೇಕು? ಬೇಕಾಗಿಲ್ಲ. ನಾಳೆ ಊಟ ಸಿಗುತ್ತೋ ಇಲ್ಲವೋ ಅಂತ ಹೆದರಿದವನು ಇವತ್ತೇ ಮಡಿಲು ತುಂಬಿಕೊಳ್ಳುವ ಹಾಗೆ ಓದಿದ್ದಾರೆ. ಗುರುಗಳೂ ಅಂಥವರೇ ಸಿಕ್ಕರು. ಅರ್ಥಶಾಸ್ತ್ರಕ್ಕೆ ಎಡ್ವಿನ್ ಸೆಲಿಗ್ಮನ್, ಚರಿತ್ರೆಗೆ ಜೇಮ್ಸ್ ಹಾರ್ವೆ ರಾಬಿನ್ಸನ್ ಮತ್ತು ಜೇಮ್ಸ್ ಶಾಟ್ವೆಲ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ. ಪ್ರಜಾಪ್ರಭುತ್ವ ಅಂದರೆ ಬರೀ ಓಟು ಹಾಕುವುದಲ್ಲ, ಜನ ಒಬ್ಬರ ಜೊತೆ ಒಬ್ಬರು ಬೆರೆತು ಬಾಳುವ ರೀತಿ ಅನ್ನೋ ಡ್ಯೂಯಿ ವಿಚಾರ ೧೯೩೬ರ ‘ಅನಿಹಿಲೇಷನ್ ಆಫ್ ಕಾಸ್ಟ್’ ಭಾಷಣದ ಒಳಗೆಲ್ಲ ಹರಿದಿದೆ. ಸತ್ತ ಸೌದೆಯನ್ನೆಲ್ಲ ಮುಂದಿನ ಪೀಳಿಗೆಯ ತಲೆಗೆ ಹೊರಿಸುವುದು ಶಾಲೆಯ ಕೆಲಸವಲ್ಲ, ಮುಂದಿನ ಸಮಾಜಕ್ಕೆ ಬೇಕಾದ್ದನ್ನು ಆರಿಸಿ ಕೊಡುವುದೇ ಅದರ ಕೆಲಸ ಎಂಬ ಮಾತೂ ಆ ಗುರುವಿನದೇ. ಹಳ್ಳಿಯ ಮೇಷ್ಟ್ರುಗಳು ಈ ಒಂದು ಮಾತನ್ನು ಕಿವಿಗೆ ಹಾಕಿಕೊಂಡರೆ ಸಾಕು.

ಓದಿನ ನಡುವೆಯೂ ಊರು ಮರೆಯಲಿಲ್ಲ. ನ್ಯೂಯಾರ್ಕಿನಿಂದ ಅಪ್ಪನ ಗೆಳೆಯರೊಬ್ಬರಿಗೆ ಬರೆದ ಕಾಗದದಲ್ಲಿ, ಗಂಡುಮಕ್ಕಳ ಓದಿನ ಜೊತೆಗೇ ಹೆಣ್ಣುಮಕ್ಕಳ ಓದೂ ನಡೆದರೆ ನಮ್ಮ ಜನ ಬೇಗ ಮುಂದೆ ಬರುತ್ತಾರೆ, ಇದನ್ನು ನಿಮ್ಮ ಮಗಳಿಂದಲೇ ತೋರಿಸಿಕೊಡಿ ಅನ್ನೋ ಅರ್ಥದ ಮಾತು ಇದೆ. ಆಗ ಲಾಲಾ ಲಜಪತರಾಯರು ಅಮೆರಿಕದಲ್ಲಿದ್ದರು. ಸ್ವರಾಜ್ಯದ ಚಳವಳಿಗೆ ಬಾ ಅಂತ ಭಾರತದ ವಿದ್ಯಾರ್ಥಿಗಳನ್ನು ಕರೆಯುತ್ತಿದ್ದರು. ಭೀಮರಾಯರು ತಾನು ಓದಲು ಬಂದವನು ಅಂತ ಹೇಳಿ ದೂರ ಉಳಿದರು. ದೇಶಭಕ್ತರು ಇದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಡದ ಗಡಿಯಾರ ಕೈಗೆ ಕಟ್ಟಿಕೊಂಡವನ ಸಂಕಟ ಆಡಿಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿಗೆ ೧೯೧೬ರ ಮೇ ೯ ಬಂತು. ನನ್ನ ಲೆಕ್ಕದಲ್ಲಿ ಆ ಪರದೇಶದ ಓದಿನ ಎಲ್ಲಕ್ಕಿಂತ ದೊಡ್ಡ ದಿನ ಅದು. ಅವತ್ತು ಯಾವ ಪದವಿಯೂ ಸಿಗಲಿಲ್ಲ. ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ‘ಕಾಸ್ಟ್ಸ್ ಇನ್ ಇಂಡಿಯಾ’ ಎಂಬ ಪ್ರಬಂಧ ಓದಿದ. ಅಲ್ಲಿಯ ತನಕ ಜಾತಿಯ ಮೇಲೆ ಬರೆದವರು ಯಾರು? ಫ್ರಾನ್ಸಿನ ಸೆನಾರ್, ಇಂಗ್ಲಿಷ್ ಅಧಿಕಾರಿಗಳಾದ ನೆಸ್‌ಫೀಲ್ಡ್, ರಿಸ್ಲಿ. ನಮ್ಮವರಲ್ಲಿ ಅಮೆರಿಕದ್ದೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಶ್ರೀಧರ ವೆಂಕಟೇಶ ಕೇತ್ಕರ್. ಅವರು ಚಿತ್ಪಾವನ ಬ್ರಾಹ್ಮಣರು. ಜಾತಿಯನ್ನು ಮೇಲಿನಿಂದ ನೋಡಿದವರು, ಹೊರಗಿನಿಂದ ನೋಡಿದವರು, ತಲೆಬುರುಡೆ ಮೂಗು ಅಳೆದು ನೋಡಿದವರು ಎಲ್ಲರೂ ಬರೆದಿದ್ದರು. ತಳದಲ್ಲಿ ಬಿದ್ದು ಅದರ ಭಾರ ಹೊತ್ತವನೊಬ್ಬ ವಿಶ್ವವಿದ್ಯಾಲಯದ ಮೇಜಿನ ಎದುರು ನಿಂತು ಅವರೆಲ್ಲರ ಪುಸ್ತಕಗಳನ್ನು ತೂಗಿ ನೋಡಿ, ಇದು ಹೀಗೆ ಅಂದಿರಲಿಲ್ಲ.

ಏನು ಹೇಳಿದರು? ಜಾತಿ ಅಂದರೆ ಗೋಡೆ ಕಟ್ಟಿಕೊಂಡ ವರ್ಗ. ಆ ಗೋಡೆಯ ಇಟ್ಟಿಗೆ ಒಳಮದುವೆ. ಮದುವೆ ಒಳಗೇ ಆಗಬೇಕಾದರೆ ಒಳಗಿನ ಗಂಡು ಹೆಣ್ಣಿನ ಸಂಖ್ಯೆ ಸಮ ಇರಬೇಕು. ಗಂಡ ಸತ್ತರೆ ಹೆಂಡತಿ ಹೆಚ್ಚಾದಳು. ಅವಳನ್ನು ಬಿಟ್ಟರೆ ಗೋಡೆ ಹಾರಿ ಹೊರಗಿನವನನ್ನು ಕಟ್ಟಿಕೊಂಡಾಳು, ಇಲ್ಲವೇ ಒಳಗಿನ ಕನ್ಯೆಯ ಪಾಲಿನ ಗಂಡನ್ನು ಕಸಿದಾಳು. ಆದ್ದರಿಂದ ಗಂಡನ ಜೊತೆ ಸುಡು, ಇಲ್ಲಾ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸು. ಹೆಂಡತಿ ಸತ್ತರೆ ಗಂಡ ಹೆಚ್ಚಾದ. ಅವನು ಗಂಡಸು, ಸುಡೋಕಾಗುತ್ತದೆಯೇ? ಮದುವೆಯ ವಯಸ್ಸು ಬಾರದ ಹಸುಳೆಯನ್ನು ತಂದು ಅವನಿಗೆ ಕಟ್ಟು. ಸತಿ, ವೈಧವ್ಯ, ಬಾಲ್ಯವಿವಾಹ ಮೂರೂ ಒಂದೇ ಯಂತ್ರದ ಹಲ್ಲುಗಳು. ಬ್ರಾಹ್ಮಣ ಮೊದಲು ತನ್ನ ಬಾಗಿಲು ಹಾಕಿಕೊಂಡ. ಮಿಕ್ಕವರಲ್ಲಿ ಕೆಲವರು ಅವನನ್ನು ನೋಡಿ ತಾವೂ ಹಾಕಿಕೊಂಡರು, ಇನ್ನು ಕೆಲವರು ತಮ್ಮ ಮುಖದ ಮೇಲೆ ಬಾಗಿಲು ಹಾಕಿದ್ದನ್ನು ಕಂಡರು. ಮನು ಒಬ್ಬನೇ ಕೂತು ಇದನ್ನು ಹುಟ್ಟಿಸಿದ ಅನ್ನೋದನ್ನು ಅವರು ಒಪ್ಪಲಿಲ್ಲ. ಮನು ಆಗಲೇ ಇದ್ದದ್ದನ್ನು ಕಾನೂನು ಮಾಡಿದ. ಹನ್ನೊಂದು ವರ್ಷದ ಮೇಲೆ, ೧೯೨೭ರ ಡಿಸೆಂಬರ್ ೨೫ರಂದು, ಮಹಾಡದಲ್ಲಿ ಆ ಕಾನೂನಿನ ಪುಸ್ತಕವನ್ನು ಸುಟ್ಟಾಗ ಆ ಬೆಂಕಿಯ ಹಿಂದೆ ಈ ಓದು ಇತ್ತು. ಹೆಂಗಸಿನ ಮೈಯ ಮೇಲಿನ ಕಾವಲು ಮತ್ತು ಜಾತಿಯ ಗೋಡೆ ಒಂದೇ ಅಂತ ಇಷ್ಟು ಖಚಿತವಾಗಿ ಹೇಳಿದ ಈ ಪ್ರಬಂಧ ೧೯೧೭ರ ಮೇನಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು.

ಗಮನಿಸಿ. ಬರೋಡಾ ದುಡ್ಡು ಕೊಟ್ಟದ್ದು ಅರ್ಥಶಾಸ್ತ್ರ, ಹಣಕಾಸು ಕಲಿತು ಬರಲಿ ಅಂತ. ಎಂ.ಎ.ಗೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಬರೆದದ್ದೂ, ಆಮೇಲೆ ಭಾರತದ ರಾಷ್ಟ್ರೀಯ ಆದಾಯದ ಮೇಲೆ ದೊಡ್ಡ ಪ್ರಬಂಧ ಬರೆದದ್ದೂ ಆ ಕರಾರಿನ ಒಳಗಿನ ಕೆಲಸ. ಜಾತಿಯ ಪ್ರಬಂಧ ಮಾತ್ರ ಯಾರೂ ಕೇಳಿ ಬರೆಸಿದ್ದಲ್ಲ. ಸಾತಾರದ ಗೋಣಿತಟ್ಟಿನ ಮೇಲೆ ಹುಟ್ಟಿದ ಪ್ರಶ್ನೆಯನ್ನು ಆ ಹುಡುಗ ಹಡಗಿನಲ್ಲಿ ಜೊತೆಗೇ ಒಯ್ದಿದ್ದ. ಕಾಲ ಕಡದ್ದು, ಪ್ರಶ್ನೆ ಸ್ವಂತದ್ದು. ಪರದೇಶ ಕೊಟ್ಟದ್ದು ಆ ಪ್ರಶ್ನೆಯನ್ನು ನಿರ್ಭಯವಾಗಿ ಎತ್ತಿ ಆಡುವ ಒಂದು ಮೇಜು.

ಮೂರು ವರ್ಷ ಮುಗಿಯಿತು. ೧೯೧೬ರ ಅಕ್ಟೋಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು, ಬ್ಯಾರಿಸ್ಟರಿಗೆ ಗ್ರೇಸ್ ಇನ್ ಸೇರಿದರು. ಬೇಡಿ ಪಡೆದ ಒಂದು ವರ್ಷದ ಗಡುವೂ ತೀರಿತು. ಬರೋಡಾದಿಂದ ಕರೆ ಬಂತು. ನಾಲ್ಕು ವರ್ಷದೊಳಗೆ ಬಂದು ಮುಗಿಸಬಹುದು ಅಂತ ವಿಶ್ವವಿದ್ಯಾಲಯದಿಂದ ಅಪ್ಪಣೆ ಪಡೆದು, ಅರ್ಧ ಓದಿದ ಓದನ್ನು ಅಲ್ಲೇ ಇಟ್ಟು ಹೊರಟರು. ಮೊದಲ ಮಹಾಯುದ್ಧದ ಕಾಲ. ಪುಸ್ತಕ ಸಾಮಾನು ತುಂಬಿದ್ದ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಬೇರೆ ಹಡಗಿನಲ್ಲಿದ್ದ ಅವರು ೧೯೧೭ರ ಆಗಸ್ಟಿನಲ್ಲಿ ಮುಂಬಯಿ ಮುಟ್ಟಿದರು. ಮುಳುಗಿದ ಸಾಮಾನಿಗೆ ಪರಿಹಾರವಾಗಿ ಬಂದ ೬೦೦ ರೂಪಾಯಿಯೇ ಬರೋಡಾಕ್ಕೆ ಹೋಗುವ ದಾರಿಖರ್ಚು ಆಯಿತು. ಸಮುದ್ರ ನುಂಗಿದ ಪುಸ್ತಕಗಳ ದುಡ್ಡಿನಲ್ಲಿ ಟಿಕೇಟು.

ಬರೋಡಾದಲ್ಲಿ ಏನಾಯಿತು? ಕೊಲಂಬಿಯಾದ ಎಂ.ಎ. ಆದವರಿಗೆ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಹಿಂದೂ ಹೋಟೆಲುಗಳು ಸೇರಿಸುವಂತಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಹಳೇ ಸಾಮಾನು ತುಂಬಿದ ಕತ್ತಲ ಮಹಡಿಯಲ್ಲಿ ಒಬ್ಬರೇ ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಜಾಗ ಮೈಲಿಗೆ ಮಾಡಿದೆ, ಸಂಜೆಯೊಳಗೆ ಖಾಲಿ ಮಾಡು ಅಂದರು. ಇಬ್ಬರು ಗೆಳೆಯರನ್ನು ಕೇಳಿದರು. ಹಿಂದೂ ಗೆಳೆಯ, ನೀನು ಬಂದರೆ ನಮ್ಮ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಅಂದ. ಕ್ರಿಶ್ಚಿಯನ್ ಗೆಳೆಯ, ಹೆಂಡತಿಯನ್ನು ಕೇಳಬೇಕು ಅಂದ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರ ರೈಲಿನ ತನಕ ಕಾಮಾಠಿ ಬಾಗ್ ಅನ್ನೋ ಪಾರ್ಕಿನಲ್ಲಿ ಕೂತರು. ಕಚೇರಿಯಲ್ಲೂ ಜವಾನರು ಕಾಗದಪತ್ರಗಳನ್ನು ಮೇಜಿಗೆ ಎಸೆದು ಹೋಗುತ್ತಿದ್ದರು. ಲಿವಿಂಗ್‌ಸ್ಟನ್ ಹಾಲಿನಲ್ಲಿ ಪಾರ್ಸಿ ಗೆಳೆಯನ ಪಕ್ಕದ ಮಂಚ ಸಿಕ್ಕಿತ್ತು. ಬರೋಡಾದಲ್ಲಿ ಅದೇ ಪಾರ್ಸಿಗಳ ದೊಣ್ಣೆ ಸಿಕ್ಕಿತು. ಹಾಗಾದರೆ ಕೆಟ್ಟದ್ದು ಮನುಷ್ಯನೋ, ಅವನು ನಿಂತ ನೆಲದ ಕಟ್ಟಳೆಯೋ? ಹಿಂದೂವಿಗೆ ಅಸ್ಪೃಶ್ಯನಾದವನು ಈ ನೆಲದಲ್ಲಿ ಪಾರ್ಸಿಗೂ ಅಸ್ಪೃಶ್ಯನೇ ಅನ್ನೋದು ಅಂದು ಮೊದಲ ಸಲ ತಿಳಿಯಿತು ಎಂದು ಅವರೇ ಬರೆದಿದ್ದಾರೆ. ಹತ್ತು ವರ್ಷದ ಕರಾರು ಕೆಲವು ದಿನಗಳಲ್ಲೇ ಮುರಿಯಿತು. ಅರಸರು ಕರಾರು ಮುರಿಯಲಿಲ್ಲ, ವಿದ್ಯಾರ್ಥಿಯೂ ಮುರಿಯಲಿಲ್ಲ. ಜಾತಿ ಮುರಿಯಿತು.

ಅಲ್ಲಿಂದ ಮೂರು ವರ್ಷ ಮುಂಬಯಿ. ೧೯೧೮ರ ನವೆಂಬರಿನಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ತಿಂಗಳಿಗೆ ೪೫೦ ರೂಪಾಯಿಯ ಪ್ರೊಫೆಸರ್ ಕೆಲಸ ಸಿಕ್ಕಿತು. ಅಲ್ಲೂ ಪ್ರಾಧ್ಯಾಪಕರ ಕೋಣೆಯ ನೀರಿನ ಹೂಜಿ ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳ ತಕರಾರು. ಆ ಸಂಬಳದಲ್ಲಿ ಉಳಿಸಿದರು. ೧೯೨೦ರ ಜನವರಿ ೩೧ರಂದು ‘ಮೂಕನಾಯಕ’ ಪತ್ರಿಕೆ ಹೊರಟಿತು. ಅದೇ ಜುಲೈನಲ್ಲಿ ಲಂಡನ್ನಿಗೆ ಹೊರಟರು. ಕೊಲ್ಲಾಪುರದ ಶಾಹು ಮಹಾರಾಜರ ನೆರವು, ನವಲ್ ಭಥೇನಾ ಕೊಟ್ಟ ೫೦೦೦ ರೂಪಾಯಿ ಸಾಲ, ತಮ್ಮ ಉಳಿತಾಯ, ಇಷ್ಟೇ ಬಂಡವಾಳ.

ಈ ಸಲ ಗಡಿಯಾರ ಅರಸನ ಕೈಯಲ್ಲಿರಲಿಲ್ಲ, ಹೊಟ್ಟೆಯ ಕೈಯಲ್ಲಿತ್ತು. ಬಿಡಾರದ ಯಜಮಾನಿ ಬೆಳಿಗ್ಗೆ ಕೊಡುತ್ತಿದ್ದುದು ಒಂದು ತುಂಡು ಬ್ರೆಡ್ಡು, ಸ್ವಲ್ಪ ಜಾಮು, ಒಂದು ಲೋಟ ಬಾವ್ರಿಲ್ ಸಾರು. ರಾತ್ರಿ ಹಸಿವಾದರೆ ಪರಿಚಯದವರೊಬ್ಬರು ಕೊಟ್ಟ ಹಪ್ಪಳದ ಕಟ್ಟಿನಿಂದ ನಾಲ್ಕು ಹಪ್ಪಳ ಸುಟ್ಟುಕೊಂಡು ತಿನ್ನುತ್ತಿದ್ದರು ಅಂತ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಬ್ರಿಟಿಷ್ ಮ್ಯೂಸಿಯಂನ ಲೈಬ್ರರಿಗೆ ಬೆಳಿಗ್ಗೆಯೇ ಹೋಗಿ ಕೂತರೆ ಮುಚ್ಚುವ ಹೊತ್ತಿಗೇ ಏಳುವುದು. ಹಿಂದಿನ ಶತಮಾನದಲ್ಲಿ ಕಾರ್ಲ್ ಮಾರ್ಕ್ಸ್ ಹಸಿದ ಹೊಟ್ಟೆಯಲ್ಲಿ ಕೂತು ಬಂಡವಾಳದ ಒಳಗುಟ್ಟು ಹುಡುಕಿದ್ದೂ ಇದೇ ಲೈಬ್ರರಿಯಲ್ಲಿ. ೧೯೨೧ರಲ್ಲಿ ಎಂ.ಎಸ್ಸಿ. ಆಯಿತು. ೧೯೨೨ರಲ್ಲಿ ಬ್ಯಾರಿಸ್ಟರ್ ಆದರು. ಅದೇ ವರ್ಷ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಪ್ರಬಂಧ ಒಪ್ಪಿಸಿದರು. ಬ್ರಿಟಿಷರ ರೂಪಾಯಿ ನೀತಿಯನ್ನು ಬ್ರಿಟಿಷರ ವಿಶ್ವವಿದ್ಯಾಲಯದಲ್ಲೇ ಕೂತು ಟೀಕಿಸಿದ ಬರಹ. ತಿದ್ದಿ ಬರೆಯಲು ಹೇಳಿದರು. ಅಲ್ಲೇ ಕೂತು ತಿದ್ದಲು ಕೈಯಲ್ಲಿ ಕಾಸಿರಲಿಲ್ಲ. ೧೯೨೩ರಲ್ಲಿ ಊರಿಗೆ ಬಂದು, ತೀರ್ಮಾನಗಳನ್ನು ಬಿಟ್ಟುಕೊಡದೆ ತಿದ್ದಿ ಕಳಿಸಿದರು. ಆ ವರ್ಷವೇ ಡಿ.ಎಸ್ಸಿ. ಬಂತು.

ಹಾಗಾದರೆ ನ್ಯೂಯಾರ್ಕಿನ ಪಿಎಚ್.ಡಿ. ೧೯೨೭ರ ತನಕ ಯಾಕೆ ತಡವಾಯಿತು? ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಅನ್ನೋದು ಕೊಲಂಬಿಯಾದ ನಿಯಮ. ೧೯೧೬ರಲ್ಲಿ ಬರೆದದ್ದು ಬೆಳೆದು ‘ದಿ ಎವಲ್ಯೂಷನ್ ಆಫ್ ಪ್ರಾವಿನ್ಷಿಯಲ್ ಫೈನಾನ್ಸ್ ಇನ್ ಬ್ರಿಟಿಷ್ ಇಂಡಿಯಾ’ ಎಂಬ ಪುಸ್ತಕವಾಗಿ ೧೯೨೫ರಲ್ಲಿ ಗುರು ಸೆಲಿಗ್ಮನ್ ಅವರ ಮುನ್ನುಡಿಯೊಂದಿಗೆ ಹೊರಬಂತು. ೧೯೨೭ರ ಜೂನ್ ೮ರಂದು ಪದವಿ ಬಂತು. ಈ ತಾರೀಖಿನ ಪಕ್ಕ ಇನ್ನೊಂದು ತಾರೀಖು ಇಡಿ. ೧೯೨೭ರ ಮಾರ್ಚ್ ೨೦. ಅವತ್ತು ಅವರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು, ಹಿಂದೆ ಸಾವಿರಾರು ಜನ ಕುಡಿದರು, ಅದಕ್ಕೆ ಸವರ್ಣರು ದೊಣ್ಣೆ ಹಿಡಿದು ಹೊಡೆದರು. ಕೆರೆಯ ನೀರು ಕುಡಿಯುವ ಹಕ್ಕು ಕೇಳಿ ಮೂರು ತಿಂಗಳು ತುಂಬುವ ಮುಂಚೆ ಕೊಲಂಬಿಯಾ ಅವರನ್ನು ಡಾಕ್ಟರ್ ಅಂದಿತು. ಎರಡೂ ಒಬ್ಬನೇ ಮನುಷ್ಯನ ಬದುಕಿನ ಒಂದೇ ವರ್ಷ.

ಈಗ ಕಳೆದ ಏಳು ವರ್ಷದ ಲೆಕ್ಕ ಸಿಕ್ಕಿತಲ್ಲವೇ? ಬಾಡಿಗೆ ಕೋಣೆ ಸಿಗದ ಬರೋಡಾ ತಿಂದಿತು. ಹಡಗಿನ ಟಿಕೇಟಿ‌ಗೆ ಕೂಡಿಡಬೇಕಾದ ಸಂಬಳ ತಿಂದಿತು. ಅಚ್ಚಿನ ಖರ್ಚು ತಿಂದಿತು. ಇನ್ನೂ ಒಬ್ಬರ ಲೆಕ್ಕ ಇದೆ. ಗಂಡ ಕಡಲಾಚೆ ಓದುವಾಗ ಮುಂಬಯಿಯ ಪರೇಲಿನ ಚಾಳಿನಲ್ಲಿ ಸಂಸಾರ ಎಳೆದ ರಮಾಬಾಯಿಯವರದು. ಬಾಬಾಸಾಹೇಬರ ಪುಸ್ತಕಗಳ ಅರ್ಪಣೆಯ ಪುಟಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅದು ಸಾಲ ತೀರಿಸಿದ ಖಾತೆಪುಸ್ತಕ. ರೂಪಾಯಿಯ ಪುಸ್ತಕ ತಂದೆ ತಾಯಿಯ ನೆನಪಿಗೆ. ಪ್ರಾಂತೀಯ ಹಣಕಾಸಿನ ಪುಸ್ತಕ ಸಯ್ಯಾಜಿರಾಯರಿಗೆ. ಪಾಕಿಸ್ತಾನದ ಮೇಲಿನ ೧೯೪೦ರ ಪುಸ್ತಕ ರಾಮುವಿನ ನೆನಪಿಗೆ. ಆದರೆ ಅಷ್ಟು ಹೊತ್ತಿಗೆ ರಮಾಬಾಯಿ ತೀರಿಕೊಂಡು ಐದು ವರ್ಷ ಆಗಿತ್ತು. ನಮ್ಮ ಮನೆಗಳಲ್ಲಿ ಒಬ್ಬ ಓದಿದ ಅಂದರೆ ಅವನ ಹಿಂದೆ ಒಬ್ಬಳು ಹಸಿದಿರುತ್ತಾಳೆ. ಆ ಹೆಸರು ಡಿಗ್ರಿ ಸಾಲಿನಲ್ಲಿ ಬರೋದಿಲ್ಲ.

೧೯೫೨ರ ಜೂನ್ ೫ರಂದು ಕೊಲಂಬಿಯಾ ಅವರನ್ನು ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟರಲ್ಲಿ ಸಂವಿಧಾನ ಬಂದಿತ್ತು. ಗುರು ಡ್ಯೂಯಿಯನ್ನು ಕಾಣುವ ಆಸೆ ಇತ್ತು. ಡ್ಯೂಯಿ ಜೂನ್ ೧ರಂದೇ ತೀರಿಕೊಂಡಿದ್ದರು. ಇಲ್ಲೂ ಗಡಿಯಾರ ನಾಲ್ಕು ದಿನ ಮುಂದೆ ಓಡಿತ್ತು.

ತಾನು ಹತ್ತಿದ ಏಣಿಯನ್ನು ಅವರು ಒದೆಯಲಿಲ್ಲ. ವೈಸರಾಯ್ ಮಂಡಲಿಯ ಸದಸ್ಯರಾಗಿದ್ದಾಗ ೧೯೪೨ರಲ್ಲಿ ಪರಿಶಿಷ್ಟರ ಅಹವಾಲು ಬರೆದು ಕೊಟ್ಟರು. ೧೯೪೪ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ೧೯೫೪-೫೫ರಿಂದ ಪರಿಶಿಷ್ಟರ ಮಕ್ಕಳು ಪರದೇಶದಲ್ಲಿ ಓದಲು ರಾಷ್ಟ್ರೀಯ ವಿದ್ಯಾರ್ಥಿವೇತನ ಇದೆ. ಅರಸನ ಕರುಣೆಯಾಗಿದ್ದದ್ದು ಹಕ್ಕಿನ ಹತ್ತಿರಕ್ಕೆ ಬಂತು. ನಮ್ಮ ಹಾಸ್ಟೆಲಿನ ಹುಡುಗರು, ಹುಡುಗಿಯರು ಇವತ್ತು ಅದರ ಅರ್ಜಿ ತುಂಬುತ್ತಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಕೈಸೇರುವ ಸ್ಕಾಲರ್‌ಶಿಪ್ಪಿನ ರುಚಿ ಕಂಡವರಿಗೆ ಕಡದ ಗಡಿಯಾರ ಅಂದರೇನು ಅಂತ ವಿವರಿಸಬೇಕಾಗಿಲ್ಲ.

ಆದರೆ ೨೦೨೨ರಲ್ಲಿ ಆ ರಾಷ್ಟ್ರೀಯ ವಿದ್ಯಾರ್ಥಿವೇತನದ ನಿಯಮಕ್ಕೆ ಒಂದು ಸಾಲು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜ ಇವುಗಳ ಮೇಲೆ ಪರದೇಶದಲ್ಲಿ ಸಂಶೋಧನೆ ಮಾಡುವವರಿಗೆ ದುಡ್ಡಿಲ್ಲ. ಅವನ್ನು ಇಲ್ಲೇ ಓದಬಹುದಲ್ಲ ಅನ್ನೋದು ಕೊಟ್ಟ ಕಾರಣ. ವಿಜ್ಞಾನ, ಎಂಜಿನಿಯರಿಂಗ್ ನಮ್ಮ ಮಕ್ಕಳು ಕಲಿಯಲಿ, ಯಾರು ಬೇಡ ಅಂದರು? ಆದರೆ ಗೆಳೆಯರೆ, ಈ ಸಾಲನ್ನು ೧೯೧೬ರ ಮೇ ೯ರ ಪಕ್ಕದಲ್ಲಿಟ್ಟು ಓದಿ. ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಓದಿದ ಆ ಪ್ರಬಂಧವನ್ನೇ ಒಬ್ಬ ವಿದ್ಯಾರ್ಥಿನಿ ಸಂಶೋಧನೆಯ ವಿಷಯ ಮಾಡಿಕೊಂಡು ಅರ್ಜಿ ಹಾಕಿದರೆ, ಈ ನಿಯಮದಲ್ಲಿ ಅವಳ ಅರ್ಜಿ ಮೂಲೆಗೆ ಬೀಳುತ್ತದೆ. ಬರೋಡಾದ ಅರಸ ಗಡಿಯಾರ ಕಟ್ಟಿದ್ದ, ಪ್ರಶ್ನೆಯನ್ನು ಕಟ್ಟಿರಲಿಲ್ಲ. ಈ ನಿಯಮ ಪ್ರಶ್ನೆಯನ್ನೇ ಕಟ್ಟುತ್ತದೆ. ಹೋಗು, ಯಂತ್ರ ಕಲಿತು ಬಾ, ಆದರೆ ನಿನ್ನ ಹಟ್ಟಿ ಊರ ಹೊರಗೆ ಯಾಕಿದೆ ಅಂತ ಅಲ್ಲಿ ನಿಂತು ಕೇಳಬೇಡ.

ಅದಕ್ಕೇ ಮೇಷ್ಟ್ರುಗಳಲ್ಲಿ ಒಂದು ಮಾತು. ಮುಂದಿನ ಏಪ್ರಿಲ್ ೧೪ಕ್ಕೆ ಆ ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದೊಂದು ಪದವಿಯ ಕೆಳಗೆ ಅದರ ಇಸವಿ ಬರೆಯಿರಿ. ನಡುವೆ ಬಿಟ್ಟುಹೋದ ವರ್ಷಗಳು ಏನಾದವು ಅಂತ ಮಕ್ಕಳ ಬಾಯಿಂದಲೇ ಕೇಳಿಸಿ. ಕೊನೆಗೆ ಇನ್ನೊಂದು ಸಾಲು ಸೇರಿಸಿ: ‘ಕಾಸ್ಟ್ಸ್ ಇನ್ ಇಂಡಿಯಾ’, ಮೇ ೯, ೧೯೧೬. ಅದಕ್ಕೆ ಪದವಿ ಯಾವುದು ಸಾರ್ ಅಂತ ಯಾವುದಾದರೂ ಮಗು ಕೇಳುತ್ತದೆ. ಪದವಿ ಇಲ್ಲ ಮಗು, ಅದು ಅವರ ಸ್ವಂತದ್ದು ಅಂತ ಹೇಳಿ.